ಔಷಧದಾನವೋ, ಋಣಸಂದಾಯವೋ?

ಸೆಳವಿನ ರೋಗದಿಂದ ಬಳಲುವ ಮಗುವೊಂದನ್ನು ಕಂಡಾಗ ಜೈನ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉದ್ಗಾರ ‘ಅವರವರ ಕರ್ಮ’ ಎಂಬುದು. ಈ ಮಾತಿನಲ್ಲಿ ಸಿದ್ಧಾಂತದೋಷವಿಲ್ಲ. ಅಸಾತಾವೇದನೀಯದ ಉದಯವಿಲ್ಲದೆ ಜೀವಕ್ಕೆ ದುಃಖಾನುಭವವಿಲ್ಲವೆಂಬುದು ಪ್ರತಿಯೊಬ್ಬ ಶ್ರಾವಕನೂ ಬಾಲ್ಯದಿಂದ ಕೇಳಿಕೊಂಡು ಬಂದ ತತ್ತ್ವ. ಆದರೆ ನಿಜವಾದ ಮಾತನ್ನೂ ಅರ್ಧಕ್ಕೆ ನಿಲ್ಲಿಸಿದರೆ ಅದು ನೆಪವಾಗಿಬಿಡುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಮಕ್ಕಳ ವಿಷಯದಲ್ಲಿ ಹೀಗಾಗಿದೆಯೇ ಎಂಬುದನ್ನು ವಿಚಾರ ಮಾಡಬೇಕಾಗಿದೆ. ಇದು ಶಾಸ್ತ್ರಚರ್ಚೆ ಮಾತ್ರವಲ್ಲ. ಬಸದಿಗಳ ಆಡಳಿತ ಸಮಿತಿಗಳು ತಮ್ಮ ಲೆಕ್ಕಪುಸ್ತಕದಲ್ಲಿ ಯಾವ ಶೀರ್ಷಿಕೆಯ ಕೆಳಗೆ ಏನನ್ನು ಬರೆಯಬೇಕೆಂಬ ವ್ಯಾವಹಾರಿಕ ಪ್ರಶ್ನೆಯೂ ಹೌದು.

ಮೊದಲು ದೇಹದ ಸಂಗತಿ. ಮೆದುಳಿನ ನಟ್ಟನಡುವೆ, ಎಡಬಲಗಳಲ್ಲಿ ಒಂದೊಂದರಂತೆ, ಸುಲಿದ ಅಡಿಕೆಗಿಂತ ತುಸು ದೊಡ್ಡದಾದ, ಸುಮಾರು 3 ಸೆಂಟಿಮೀಟರ್ ಉದ್ದದ ಎರಡು ಅಂಡಾಕಾರದ ಗಂಟುಗಳಿವೆ. ಇವಕ್ಕೆ ಥಾಲಮಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಒಳಕೋಣೆ ಎಂದು ಅರ್ಥ. ಇದರ ಕೆಲಸವನ್ನು ತಿಳಿಯಲು ಹಳೆಯ ಬಂಟ್ವಾಳವನ್ನು ನೆನೆದರೆ ಸಾಕು. ಲಾರಿಗಳು ಬರುವ ಮುನ್ನ ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಗಳಲ್ಲಿ ಬಂಟ್ವಾಳ ಪೇಟೆಗೆ ಬಂದು, ಅಲ್ಲಿ ಇಳಿದು, ವಿಂಗಡಣೆಯಾಗಿ, ನೇತ್ರಾವತಿಯ ದೋಣಿಗಳನ್ನೇರಿ ಮಂಗಳೂರಿಗೆ ಸಾಗುತ್ತಿತ್ತು. ಕಣ್ಣು, ಕಿವಿ, ನಾಲಗೆ, ಚರ್ಮಗಳಿಂದ ಹೊರಟ ಸಂದೇಶಗಳೂ ಹಾಗೆಯೇ ಥಾಲಮಸ್ಸಿನಲ್ಲಿ ಇಳಿದು, ವಿಂಗಡಣೆಯಾಗಿ, ಮೆದುಳಿನ ಹೊರಪದರವನ್ನು ಸೇರುತ್ತವೆ. ವಾಸನೆಯೊಂದಕ್ಕೆ ಮಾತ್ರ ಈ ಕಟ್ಟೆಯನ್ನು ಮುಟ್ಟದೆ ಹೊರಪದರಕ್ಕೆ ಹೋಗುವ ದಾರಿಯಿದೆ. ಮಂಗಳೂರಿನ ಮಂಡಿಯಿಂದ ಬಂಟ್ವಾಳಕ್ಕೆ ‘ಇದನ್ನು ಕಳುಹಿಸು, ಅದನ್ನು ತಡೆ’ ಎಂದು ಚೀಟಿ ಬರುವಂತೆ ಹೊರಪದರದಿಂದಲೂ ಥಾಲಮಸ್ಸಿಗೆ ಆಜ್ಞೆಗಳು ಮರಳುತ್ತವೆ; ಇಂದ್ರಿಯಗಳಿಂದ ಬರುವ ತಂತುಗಳಿಗಿಂತ ಹೀಗೆ ಮರಳಿ ಬರುವ ತಂತುಗಳೇ ಹೆಚ್ಚು. ಅಂಗಾಂಗಗಳ ಚಲನೆ, ನಿದ್ರೆ, ಎಚ್ಚರಗಳೂ ಈ ಕಟ್ಟೆಯನ್ನು ಅವಲಂಬಿಸಿವೆ.

ಕಟ್ಟೆ ಕೆಟ್ಟರೆ ಏನಾಗುತ್ತದೆ? 1906ರಲ್ಲಿ ಫ್ರಾನ್ಸಿನ ದೆಜರೀನ್ ಮತ್ತು ರೂಸಿ ಎಂಬ ವೈದ್ಯರು, ಥಾಲಮಸ್ಸಿನಲ್ಲಿ ರಕ್ತಸಂಚಾರ ನಿಂತ ರೋಗಿಗಳಿಗೆ ಯಾವ ಗಾಯವೂ ಇಲ್ಲದ ಕೈಕಾಲುಗಳಲ್ಲಿ ಅಸಹ್ಯವಾದ ಉರಿನೋವು ಉಂಟಾಗುವುದನ್ನು ವಿವರಿಸಿದರು. ಕೈನಡುಕದ ರೋಗಿಗಳ ಥಾಲಮಸ್ಸಿಗೆ ಸೂಕ್ಷ್ಮ ತಂತಿಯ ಮೂಲಕ ವಿದ್ಯುತ್ತನ್ನು ಹಾಯಿಸಿ ನಡುಕವನ್ನು ನಿಲ್ಲಿಸುವ ಚಿಕಿತ್ಸೆಯನ್ನು 1987ರಲ್ಲಿ ಗ್ರೆನೋಬಲ್ ನಗರದ ಬೆನಬಿದ್ ಮತ್ತು ಸಹೋದ್ಯೋಗಿಗಳು ಪ್ರಕಟಪಡಿಸಿದರು. ಪ್ರಸ್ತುತ ವಿಚಾರಕ್ಕೆ ಹತ್ತಿರವಾದುದು ಅಪಸ್ಮಾರ, ಜನರು ಫಿಟ್ಸ್ ಎನ್ನುವ ರೋಗ.

ಥಾಲಮಸ್ಸನ್ನು ಹೊರಗಿನಿಂದ ಸುತ್ತಿಕೊಂಡ ತೆಳುವಾದ ಪೊರೆಯೊಂದಿದೆ. ಥಾಲಮಸ್ಸು ಹೆಬ್ಬಾಗಿಲಾದರೆ ಈ ಪೊರೆ ಅದರ ದ್ವಾರಪಾಲಕ ಎಂಬ ಅರ್ಥದ ಹೋಲಿಕೆಯನ್ನು ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ 1984ರಲ್ಲಿ ಕೊಟ್ಟಿದ್ದರು. ಬಸದಿಯ ಬಾಗಿಲಿನಲ್ಲಿ ದ್ವಾರಪಾಲಕರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ದ್ವಾರಪಾಲಕನ ಕೈಯಲ್ಲಿರುವ ಸಾಧನ ಗಾಬಾ ಎಂಬ ರಾಸಾಯನಿಕ. ನರಕೋಶದ ಮೇಲಿರುವ ಬೀಗಕ್ಕೆ ಗಾಬಾ ಕೀಲಿಕೈಯಂತೆ ಹೊಂದಿಕೊಂಡಾಗ ಆ ಕೋಶದ ಉದ್ರೇಕ ಶಮನವಾಗುತ್ತದೆ. ಥಾಲಮಸ್ಸಿನಲ್ಲಿ ಮಾತ್ರವಲ್ಲ, ಇಡೀ ಮೆದುಳಿನಲ್ಲಿ ಉದ್ರೇಕವನ್ನು ಹತೋಟಿಯಲ್ಲಿಡುವ ಮುಖ್ಯ ವಸ್ತು ಇದೇ. ಈ ಹತೋಟಿ ತಪ್ಪಿ ಅಸಂಖ್ಯ ನರಕೋಶಗಳು ಏಕಕಾಲಕ್ಕೆ ಸಿಡಿಯುವುದೇ ಸೆಳವು.

ಎಲ್ಲ ಸೆಳವುಗಳಲ್ಲೂ ಮಗು ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದಿಲ್ಲ. ವೈದ್ಯರು ಆಬ್ಸೆನ್ಸ್ ಎಂದು ಕರೆಯುವ ಒಂದು ಬಗೆಯಲ್ಲಿ ಮಗು ಓದುತ್ತಿರುವಾಗಲೇ ಹತ್ತು ಹದಿನೈದು ಸೆಕೆಂಡು ಸ್ತಬ್ಧವಾಗುತ್ತದೆ. ಕಣ್ಣು ತೆರೆದೇ ಇರುತ್ತದೆ, ಬಿದ್ದುಹೋಗುವುದಿಲ್ಲ, ಮತ್ತೆ ನಿಲ್ಲಿಸಿದಲ್ಲಿಂದ ಓದು ಮುಂದುವರಿಯುತ್ತದೆ. ಆ ಹೊತ್ತಿನಲ್ಲಿ ಥಾಲಮಸ್ಸು ಮತ್ತು ಹೊರಪದರ ಸೆಕೆಂಡಿಗೆ ಸುಮಾರು 3 ಬಾರಿಯಂತೆ ಒಂದೇ ತಾಳಕ್ಕೆ ಬಡಿದುಕೊಳ್ಳುತ್ತಿರುತ್ತವೆ. ಶಾಲೆಯಲ್ಲಿ ಇಂತಹ ಮಗುವಿಗೆ ಗಮನವಿಲ್ಲವೆಂದು ಪೆಟ್ಟು ಬೀಳುವುದುಂಟು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ದ್ವಿತೀಯಾಧ್ಯಾಯದಲ್ಲಿ ಇಂದ್ರಿಯವನ್ನು ದ್ರವ್ಯೇಂದ್ರಿಯ, ಭಾವೇಂದ್ರಿಯ ಎಂದು ವಿಭಾಗಿಸಿ, ಭಾವೇಂದ್ರಿಯದಲ್ಲಿ ಲಬ್ಧಿ ಮತ್ತು ಉಪಯೋಗ ಎಂಬ ಎರಡನ್ನು ಹೇಳುತ್ತಾರೆ. ತಿಳಿಯುವ ಶಕ್ತಿ ಲಬ್ಧಿ. ಆ ಶಕ್ತಿ ವಿಷಯದ ಕಡೆಗೆ ಪ್ರವರ್ತಿಸುವುದು ಉಪಯೋಗ. ಆ ಹತ್ತು ಸೆಕೆಂಡುಗಳಲ್ಲಿ ಮಗುವಿನ ಕಣ್ಣು ಕಿವಿಗಳಿಗೆ ಊನವಿಲ್ಲ, ಶಕ್ತಿಯೂ ನಾಶವಾಗಿಲ್ಲ, ಆದರೆ ಎದುರಿಗಿರುವ ಅಕ್ಷರದ ಅವಗ್ರಹ ಕೂಡ ಆಗುವುದಿಲ್ಲ; ಈಹೆ, ಅವಾಯ, ಧಾರಣೆಗಳ ಮಾತು ದೂರವೇ ಉಳಿಯಿತು. ಲಬ್ಧಿಯಿದ್ದೂ ಉಪಯೋಗಕ್ಕೆ ತಡೆಯುಂಟಾಗುವುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗಲಾರದು. ಇಷ್ಟು ಹೇಳಿದ ಮಾತ್ರಕ್ಕೆ ಆಗಮಕ್ಕೆ ಪ್ರಯೋಗಶಾಲೆಯ ಮುದ್ರೆ ಬಿತ್ತೆಂದು ಸಂಭ್ರಮಿಸಬೇಕಾಗಿಲ್ಲ. ಸಮನಸ್ಕ ಜೀವದ ದ್ರವ್ಯಮನಸ್ಸನ್ನು ಹೃದಯದಲ್ಲಿ ಅಷ್ಟದಳ ಕಮಲದ ಆಕಾರದಲ್ಲಿ ಹೇಳಿರುವ ಪರಂಪರೆಯೂ ಇದೆ. ಅದನ್ನು ಇಂದಿನ ಮಸ್ತಿಷ್ಕಶಾಸ್ತ್ರದೊಡನೆ ಹೊಂದಿಸುವ ಅವಸರದ ಪ್ರಯತ್ನಗಳಿಂದ ಎರಡಕ್ಕೂ ಗೌರವ ಹೆಚ್ಚುವುದಿಲ್ಲ. ಮೂಡುಬಿದಿರೆಯ ಗುರುಬಸದಿಯಲ್ಲಿ ಧವಳಾದಿ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಸಮಾಜಕ್ಕೆ ತಾಳ್ಮೆಯ ಅರ್ಥ ತಿಳಿದಿದೆ. ಇಲ್ಲಿ ಬೇಕಾದದ್ದು ಒಂದೇ ಅಂಶ: ಉಪಕರಣದ ದೋಷ ಜೀವದ ನ್ಯೂನತೆಯಲ್ಲ. ಮಾತು ಬಾರದ, ತಲೆ ನಿಲ್ಲದ ಮಗುವಿನ ಜೀವ ಪೂಜೆಗೆ ನಿಂತ ಶ್ರಾವಕನ ಜೀವಕ್ಕಿಂತ ಒಂದು ಪ್ರದೇಶದಷ್ಟೂ ಕಡಿಮೆಯದಲ್ಲ.

ಇನ್ನು ಆ ಮೂರು ಗ್ರಾಮಗಳ ವಿಷಯ. ಪಟ್ರಮೆ, ನಿಡ್ಲೆಗಳ ಹೆಸರು ಮೊದಲು ದೂರದವರೆಗೆ ಕೇಳಿಬಂದದ್ದು 1982-83ರಲ್ಲಿ, ಮಂಗನ ಕಾಯಿಲೆಯಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ, ಗೇರು ನೆಡುವುದಕ್ಕಾಗಿ ದಟ್ಟಾರಣ್ಯವನ್ನು ಕಡಿದ ಬಳಿಕ ಇಲ್ಲಿ ಕಾಣಿಸಿಕೊಂಡು, ಸಾವಿರಕ್ಕೂ ಮಿಕ್ಕಿ ಜನರನ್ನು ಹಿಡಿದು, ನೂರಕ್ಕೂ ಹೆಚ್ಚು ಜೀವಗಳನ್ನು ಕೊಂಡೊಯ್ದಿತು. ಕಾಡು ಹೋದಲ್ಲಿ ಗೇರು ಬೆಳೆಯಿತು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ‘ಟೀ ಸೊಳ್ಳೆ’ಯನ್ನು ಕೊಲ್ಲಲು ಸರಕಾರಿ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ ಸುಮಾರು 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಲಾಯಿತು. ತೋಟಗಳ ನಡುವೆ ಮನೆಗಳಿದ್ದವು, ತೆರೆದ ಬಾವಿಗಳಿದ್ದವು, ಹರಿಯುವ ತೋಡುಗಳಿದ್ದವು. ಗಡಿಯಾಚೆ ಕಾಸರಗೋಡಿನಲ್ಲೂ ಇದೇ ನಡೆಯಿತು. ಅಲ್ಲಿನ ಕರುಗಳ ಅಂಗವೈಕಲ್ಯವನ್ನು ಕಂಡು 1980ರ ಸುಮಾರಿಗೇ ಎಚ್ಚರಿಕೆಯ ಮಾತು ಆಡಿದವರು ಕನ್ನಡದ ಪತ್ರಕರ್ತ ಶ್ರೀ ಪಡ್ರೆ. ಮನುಷ್ಯರ ಮಕ್ಕಳಿಗಿಂತ ಮೊದಲು ಹಟ್ಟಿಯ ಕರುಗಳು ಸಾಕ್ಷಿ ನುಡಿದವು ಎನ್ನಬೇಕು, ಕೇಳಿದವರು ಕಡಿಮೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಕಾಸರಗೋಡಿನ ಪಡ್ರೆ ಗ್ರಾಮದ ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ನೀಡಿದ ವರದಿಯಲ್ಲಿ, ವಿಷ ಬೀಳದ ಪ್ರದೇಶಕ್ಕೆ ಹೋಲಿಸಿದರೆ ನರಸಂಬಂಧಿ ತೊಂದರೆಗಳೂ ಕಲಿಕೆಯ ತೊಂದರೆಗಳೂ ಹೆಚ್ಚಾಗಿವೆಯೆಂದು ದಾಖಲಿಸಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.

ಎಂಡೋಸಲ್ಫಾನ್ ಕೀಟವನ್ನು ಕೊಲ್ಲುವ ಬಗೆ ಗಮನಾರ್ಹವಾದುದು. ಅದು ಕೀಟದ ನರಕೋಶದ ಮೇಲಿರುವ ಗಾಬಾದ ಬೀಗಕ್ಕೆ ಬೆಣೆ ಬಡಿಯುತ್ತದೆ. ಕೀಲಿಕೈ ತಿರುಗದೆ ಉದ್ರೇಕ ಶಮನವಾಗದೆ ಕೀಟ ಸೆಳವಿನಿಂದ ಸಾಯುತ್ತದೆ. ಅದೇ ಬೀಗ ಮಗುವಿನ ಮೆದುಳಿನಲ್ಲೂ ಇದೆ. ಹೆಚ್ಚು ಪ್ರಮಾಣದ ಎಂಡೋಸಲ್ಫಾನ್ ದೇಹವನ್ನು ಸೇರಿದ ಮನುಷ್ಯನಿಗೂ ಮೊದಲು ಬರುವ ಮುಖ್ಯ ಲಕ್ಷಣ ಸೆಳವೇ. ವಿಷ ಥಾಲಮಸ್ಸನ್ನೇ ಆರಿಸಿಕೊಳ್ಳುವುದಿಲ್ಲ. ಗಾಬಾ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದರ ಕೆಲಸ ನಡೆಯುತ್ತದೆ. ಟೀ ಸೊಳ್ಳೆ ನಿಜವಾಗಿ ಸೊಳ್ಳೆಯಲ್ಲ, ತಿಗಣೆಯ ಬಳಗದ್ದು. ಆಗಮದ ಎಣಿಕೆಯಲ್ಲಿ ನೊಣ, ದುಂಬಿಗಳೊಡನೆ ಚತುರಿಂದ್ರಿಯ ಜೀವವೆನ್ನಬಹುದು. ಮಗು ಸಂಜ್ಞಿ ಪಂಚೇಂದ್ರಿಯ. ಇಂದ್ರಿಯಗಳ ಸಂಖ್ಯೆ ಹೆಚ್ಚಿದಷ್ಟೂ ಹಿಂಸೆಯ ದೋಷವೂ ಹೆಚ್ಚೆಂದು ಶ್ರಾವಕ ಲೆಕ್ಕ ಹಾಕುತ್ತಾನೆ, ಆ ಲೆಕ್ಕದ ಆಧಾರದ ಮೇಲೆ ‘ಕೀಟವಷ್ಟೇ’ ಎಂದು ಸಮಾಧಾನ ಪಟ್ಟುಕೊಳ್ಳುತ್ತಾನೆ. ವಿಷಕ್ಕೆ ಈ ಲೆಕ್ಕ ಗೊತ್ತಿರಲಿಲ್ಲ. ಅಲ್ಪ ಜೀವವೆಂದು ಬಗೆದು ಕೊಟ್ಟ ಪೆಟ್ಟು ಅಲ್ಲಿಗೇ ನಿಲ್ಲುವುದೆಂಬ ಭರವಸೆಯನ್ನು ಯಾವ ಆಚಾರ್ಯರೂ ಕೊಟ್ಟಿಲ್ಲ.

ಇಲ್ಲಿ ‘ಅವರವರ ಕರ್ಮ’ ಎಂಬ ಮಾತಿಗೆ ಮರಳಬೇಕು. ಮಗುವಿನ ದುಃಖಕ್ಕೆ ಒಳಗಿನ ಕಾರಣ ಅದರದೇ ಕರ್ಮೋದಯ ಎಂದಿಟ್ಟುಕೊಂಡರೂ, ಹೊರಗಿನ ನಿಮಿತ್ತವಾಗಿ ನಿಂತವನು ತನ್ನ ಭಾವಕ್ಕೆ ತಕ್ಕಂತೆ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಕೊಲ್ಲುವ ಸಂಕಲ್ಪವಿರಲಿಲ್ಲ ಎಂಬುದು ಪೂರ್ತಿ ಉತ್ತರವಾಗುವುದಿಲ್ಲ. ಅಡಿಕೆ ತೋಟದ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣಗಳ ದ್ರಾವಣವನ್ನು ಮರ ಹತ್ತಿ ಗೊನೆಗೊನೆಗೆ ಬಿಡುವ ಕೃಷಿಕನಲ್ಲೂ ಆರಂಭೀ ಹಿಂಸೆಯಿದೆ. ಆದರೆ ಅವನ ಕೈಗೆ ಒಂದು ಅಳತೆಯಿದೆ, ಕಣ್ಣಿನ ಮುಂದೆ ಒಂದು ಮರವಿದೆ. ಆಕಾಶದಿಂದ ಸುರಿದವನಿಗೆ ಗಾಳಿ ಎತ್ತ ಬೀಸುತ್ತದೆ ಎಂಬುದೂ ತಿಳಿದಿರಲಿಲ್ಲ. ಯತ್ನಾಚಾರವೆಂಬ ಶಬ್ದಕ್ಕೆ ಅರ್ಥವಿರುವುದು ಈ ವ್ಯತ್ಯಾಸದಲ್ಲಿ.

ಸಿಂಪಡಿಸಿದವರು ಸರಕಾರದವರು, ಜೈನ ಸಮಾಜಕ್ಕೇನು ಸಂಬಂಧ ಎಂಬ ಆಕ್ಷೇಪ ಸಹಜ. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರನ್ನು ಶ್ರಾವಕ ನಿತ್ಯದ ಪ್ರತಿಕ್ರಮಣದಲ್ಲಿ ನೆನೆಯುತ್ತಾನೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರ ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡಬೇಕಾದ 15 ಕ್ರೂರ ಜೀವಿಕೆಗಳನ್ನು ಎಣಿಸುವಾಗ ಕಾಡು ಕಡಿದು ಬದುಕುವ ವನಜೀವಿಕೆಯನ್ನೂ ವಿಷವಾಣಿಜ್ಯವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿದ್ದಾನೆ. ನಿಡ್ಲೆಯ ಗುಡ್ಡದಲ್ಲಿ ಈ ಎರಡೂ ಒಂದರ ಹಿಂದೆ ಒಂದು ನಡೆದವು ಎಂಬುದು ಕಾಕತಾಳೀಯವಿರಬಹುದು, ಮರೆಯುವಂತಹದಲ್ಲ. ಕೀಟನಾಶಕದ ಅಂಗಡಿ, ಗೇರುಬೀಜದ ಕಾರ್ಖಾನೆ, ಬೀಜದ ರಖಂ ವ್ಯಾಪಾರ, ಇವುಗಳಲ್ಲಿ ತೊಡಗಿದವರು ಕರಾವಳಿಯ ಎಲ್ಲ ಸಮಾಜಗಳಲ್ಲೂ ಇದ್ದಾರೆ. ವ್ಯಾಪಾರಿಯೊಬ್ಬ ಮಾರಿದ ಡಬ್ಬಿ ಯಾವ ಬಾವಿಯ ಬಳಿ ತೆರೆಯಿತೆಂದು ಅವನಿಗೆ ತಿಳಿಯದು. ಆದರೆ ತಿಳಿಯದಿರುವುದು ಎಲ್ಲ ಕಾಲಕ್ಕೂ ಒಂದೇ ಬೆಲೆಯ ನಾಣ್ಯವಲ್ಲ. ಆಸ್ರವದ ತಾರತಮ್ಯವನ್ನು ಹೇಳುವಲ್ಲಿ ಉಮಾಸ್ವಾಮಿಗಳು ಜ್ಞಾತಭಾವ, ಅಜ್ಞಾತಭಾವಗಳನ್ನು ಬೇರೆಬೇರೆಯಾಗಿ ಎಣಿಸಿದ್ದಾರೆ. 1980ಕ್ಕೆ ಮುನ್ನ ಮಾರಿದವನು ನಿಜವಾಗಿ ಅರಿಯದವನು. 2002ರ ವರದಿಯ ಸುದ್ದಿ ಓದಿದ ಬಳಿಕವೂ 2011ರ ಮೇ ತಿಂಗಳವರೆಗೆ, ಕಾನೂನು ತಡೆದಿಲ್ಲವೆಂಬ ಧೈರ್ಯದಿಂದ ಮಾರಿದವನನ್ನು ಅದೇ ಸಾಲಿನಲ್ಲಿ ಕೂರಿಸುವುದು ಕಷ್ಟ. ಕಾನೂನಿನ ಕಣ್ಣಿಗೆ ಇಬ್ಬರೂ ನಿರ್ದೋಷಿಗಳು ಎಂಬುದು ಬೇರೆ ಮಾತು.

ಪ್ರತಿಯೊಂದು ಮಗುವಿನ ರೋಗಕ್ಕೂ ಈ ವಿಷವೇ ಕಾರಣವೆಂದು ಸಾಧಿಸಲಾಗಿಲ್ಲ ಎನ್ನುವ ತಜ್ಞರೂ ಇದ್ದಾರೆ. ಅಪಸ್ಮಾರಕ್ಕೂ ಬುದ್ಧಿಮಾಂದ್ಯಕ್ಕೂ ಹೆರಿಗೆಯ ವೇಳೆಯ ಉಸಿರುಕಟ್ಟು, ಮೆದುಳಿನ ಜ್ವರ, ವಂಶವಾಹಿ ದೋಷಗಳು ಕಾರಣವಾಗುವುದುಂಟು. ಒಂದು ಮಗುವನ್ನು ಮುಂದೆ ನಿಲ್ಲಿಸಿ ಇದು ವಿಷದಿಂದ, ಇದು ಅಲ್ಲ ಎಂದು ಬೇರ್ಪಡಿಸುವುದು ಬಹುತೇಕ ಅಸಾಧ್ಯ. ಈ ಆಕ್ಷೇಪವನ್ನು ಪ್ರಾಮಾಣಿಕವಾಗಿಯೇ ಒಪ್ಪಬೇಕು. ಒಪ್ಪಿದ ಮೇಲೆ ಲೆಕ್ಕದಲ್ಲಿ ಏನು ಬದಲಾಗುತ್ತದೆ ಎಂದು ನೋಡಬೇಕು. ವಿಷವೇ ಕಾರಣವಾದರೆ ಕೊಡುವುದು ಋಣಸಂದಾಯ. ಅಲ್ಲವಾದರೆ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿದ ನಾಲ್ಕು ದತ್ತಿಗಳಲ್ಲಿ ಮೊದಲನೆಯದಾದ ದಯಾದತ್ತಿ. ಎರಡರಲ್ಲಿ ಯಾವುದಾದರೂ ಮಾತ್ರೆ ಮಗುವಿನ ಬಾಯಿಗೆ ಬೀಳಲೇಬೇಕು. ಬದಲಾಗುವುದು ಒಂದೇ, ಗೋಡೆಯ ಮೇಲಿನ ನಾಮಫಲಕ. ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತಾರೆ. ಸಾಲ ತೀರಿಸಿದವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ, ರಸೀದಿ ಕೊಡುತ್ತಾರೆ. ಯಾವುದು ಎಂಬ ಸಂದೇಹವಿರುವಲ್ಲಿ ಫಲಕವನ್ನು ಬಿಟ್ಟು ಕೊಡುವುದೇ ಲೆಕ್ಕ ಬಲ್ಲವನ ಕ್ರಮ.

ಏನನ್ನು ಕೊಡಬೇಕು ಎಂಬುದು ಕೊನೆಯ ಪ್ರಶ್ನೆ, ಸಮಿತಿಗಳಿಗೆ ಬಹುಶಃ ಮುಖ್ಯವಾದದ್ದು. ಕರ್ನಾಟಕದ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆನಂದ ಪಡುವವರೆಂದು ಜೈನ ದಾನಿಗಳನ್ನು ಕೊಂಡಾಡುತ್ತವೆ. ಇಂದು ಔಷಧದಾನವೆಂದರೆ ಪಂಚಕಲ್ಯಾಣದಂತಹ ಉತ್ಸವದ ಒಂದು ದಿನ ನಡೆಯುವ ಉಚಿತ ಶಿಬಿರ. ಕನ್ನಡಕ ಕೊಡಲು ಅದು ಸಾಕು. ಅಪಸ್ಮಾರಕ್ಕೆ ಸಾಲದು, ಕೆಲವೊಮ್ಮೆ ಅಪಾಯಕರವೂ ಹೌದು. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್, ಅನಂತರ ಬಂದ ಕ್ಲೊನಾಜೆಪಾಮ್ ಮೊದಲಾದವು ವಿಷ ಕೆಡಿಸುವ ಅದೇ ಗಾಬಾದ ಬೀಗದಲ್ಲಿ ಕೀಲಿಕೈ ಸುಲಭವಾಗಿ ತಿರುಗುವಂತೆ ಮಾಡುತ್ತವೆ. ವಿಷವೂ ಔಷಧವೂ ಒಂದೇ ಕಟ್ಟೆಯಲ್ಲಿ ಎದುರುಬದುರಾಗಿ ಕುಳಿತಿರುವುದು ವಿಚಿತ್ರ. ಥಾಲಮಸ್ಸಿನ ತಾಳವನ್ನು ಬಿಡಿಸುವ ಎಥೋಸಕ್ಸಿಮೈಡ್, ವಾಲ್ಪ್ರೊಯೇಟ್ ಬೇರೆ ಬಗೆಯವು. ಒಂದು ಸೆಳವಿಗೆ ಹಿತವಾದ ಮಾತ್ರೆ ಇನ್ನೊಂದನ್ನು ಕೆರಳಿಸಬಲ್ಲದು. ಆದುದರಿಂದ ನರರೋಗತಜ್ಞರ ಚೀಟಿಯಿಲ್ಲದೆ ಹಂಚುವುದು ಸಲ್ಲದು. ಆರಂಭಿಸಿದ ಮಾತ್ರೆಯನ್ನು ಹಠಾತ್ತಾಗಿ ನಿಲ್ಲಿಸಿದರೆ ಬಿಡುವಿಲ್ಲದ ಸೆಳವು ಬಂದು ಪ್ರಾಣಕ್ಕೇ ಎರವಾಗಬಹುದು. ಮೂರು ತಿಂಗಳ ಔಷಧ ಕೊಟ್ಟು, ಫೋಟೋ ತೆಗೆಸಿಕೊಂಡು, ನಾಲ್ಕನೆಯ ತಿಂಗಳು ಮರೆತ ದಾನಿ ಏನೂ ಕೊಡದವನಿಗಿಂತ ಹೆಚ್ಚಿನ ಹಾನಿ ಮಾಡಿರುವ ಸಂಭವವಿದೆ.

ಸರಿಯಾದ ಔಷಧ ತಪ್ಪದೆ ದೊರೆತರೆ ಅಪಸ್ಮಾರಿಗಳಲ್ಲಿ ನೂರಕ್ಕೆ 70ರಷ್ಟು ಮಂದಿ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೆದುಳಿಗೇ ಊನವಾದ ಮಕ್ಕಳಲ್ಲಿ ಈ ಪ್ರಮಾಣ ಕಡಿಮೆ. ಮಾತ್ರೆಗೆ ಬಗ್ಗದ ಸೆಳವಿಗೆ ಥಾಲಮಸ್ಸಿನ ಮುಂಭಾಗಕ್ಕೆ ವಿದ್ಯುತ್ ತಂತಿ ಇಳಿಸುವ ಚಿಕಿತ್ಸೆಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಅದರ ವೆಚ್ಚ ಹಲವು ಲಕ್ಷಗಳದ್ದು, ವಯಸ್ಕರಿಗಾಗಿ ಬಂದದ್ದು. ಒಬ್ಬರಿಗೆ ಅಂತಹ ಶಸ್ತ್ರಚಿಕಿತ್ಸೆ ಮಾಡಿಸಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಅದೇ ಹಣದಲ್ಲಿ ಎಷ್ಟೋ ಮಕ್ಕಳ ಹಲವು ವರ್ಷಗಳ ಮಾತ್ರೆ ಸದ್ದಿಲ್ಲದೆ ನಡೆಯುತ್ತದೆ.

ಬಸದಿಗಳಿಗೆ ಶಾಶ್ವತ ಪೂಜಾನಿಧಿಯ ಪದ್ಧತಿ ಹೊಸದಲ್ಲ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಪ್ರತಿವರ್ಷ ಗೊತ್ತಾದ ದಿನ ಅಭಿಷೇಕ ನಡೆಯುತ್ತದೆ. ನಿಧಿ ಇಟ್ಟವನು ತೀರಿಕೊಂಡರೂ ಅಭಿಷೇಕ ತಪ್ಪುವುದಿಲ್ಲ. ಔಷಧಕ್ಕೂ ಬೇಕಾದದ್ದು ಇದೇ ವ್ಯವಸ್ಥೆ, ವರ್ಷಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಆಹಾರ, ಔಷಧಗಳ ಜೊತೆಗೆ ಉಪಕರಣ ಮತ್ತು ಆವಾಸವನ್ನು ದಾನವಾಗಿ ಹೇಳಿದ್ದಾರೆ. ಅದು ವ್ರತಿಗಳ ವೈಯಾವೃತ್ಯದ ಪ್ರಸಂಗವೆಂಬುದು ನಿಜ, ಕರುಣಾದಾನಕ್ಕೂ ಆ ಕ್ರಮವನ್ನು ಅನುಸರಿಸಲು ಅಡ್ಡಿಯಿಲ್ಲ. ಉಪಕರಣವೆಂದರೆ ಈ ಮಕ್ಕಳಿಗೆ ಗಾಲಿಕುರ್ಚಿ, ಕತ್ತನ್ನು ನಿಲ್ಲಿಸುವ ಆಸನ. ಆವಾಸವೆಂದರೆ ಹಗಲು ಮಗುವನ್ನು ಇರಿಸಿಕೊಳ್ಳುವ ಸ್ಥಳ. ಕೊಕ್ಕಡದಲ್ಲಿ ಎಂಡೋ ಪಾಲನಾ ಕೇಂದ್ರ ಆರಂಭವಾದಾಗ ತಾಯಂದಿರಿಗೆ ದೊರೆತದ್ದು ಇಂತಹ ಬಿಡುವು. ಮೂವತ್ತು ವರ್ಷದ ಮಗನನ್ನು ಎತ್ತಿ ಸ್ನಾನ ಮಾಡಿಸುವ ಅರುವತ್ತರ ತಾಯಿಗೆ ಅರ್ಧ ದಿನದ ಬಿಡುವು ಅಭಯದಾನವೇ. ಸರಕಾರದಿಂದ ಮಾಸಾಶನ ಬಂದಿದೆ, ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ. ಆದರೆ ಆ ತಾಯಿಯ ಕಾಲಾನಂತರ ಮಗನನ್ನು ಎತ್ತುವವರು ಯಾರು ಎಂಬುದನ್ನು ಮಾಸಾಶನ ಪರಿಹರಿಸದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಮಿತಿಗಳು ಒಟ್ಟಾಗಿ ಇಂತಹ ನಿಧಿಯೊಂದನ್ನು ಇಡುವುದಾದರೆ ವರ್ಷದ ಲೆಕ್ಕವನ್ನು ಆಷಾಢಕ್ಕೆ ಮುನ್ನ ಆರಂಭಿಸುವುದು ಒಳ್ಳೆಯದು. ಮಳೆ ಹಿಡಿದರೆ ಪಟ್ರಮೆಯ ಕಡೆ ಹೊಳೆತೋಡುಗಳು ತುಂಬಿ ಒಳಗಿನ ಮನೆಗಳ ದಾರಿ ದಿನಗಟ್ಟಲೆ ಕಡಿದುಹೋಗುವುದುಂಟು. ಪ್ರತಿ ಮನೆಗೂ ಎರಡು ತಿಂಗಳ ಮಾತ್ರೆಯನ್ನು ವೈದ್ಯರ ಚೀಟಿಯೊಡನೆ ಮೇ ತಿಂಗಳ ಕೊನೆಯ ವಾರದೊಳಗೆ ಮುಟ್ಟಿಸಿ, ಮುಟ್ಟಿದ ಬಗ್ಗೆ ತಾಯಿಯಿಂದ ರಸೀದಿ ಪಡೆದುಕೊಳ್ಳಬೇಕು.